ಮಂಟಪ ಮುಳುಗಿದ ಬೆಳಿಗ್ಗೆ

ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂತ ಸುದ್ದಿ ಬಂದರೆ ಶಿವಮೊಗ್ಗದವರು ಮನೆಯಲ್ಲಿ ಕೂರುವುದಿಲ್ಲ. ಕೊಡೆ ಹಿಡಿದು ತುಂಗೆ ನೋಡಲು ಹೊರಡುತ್ತಾರೆ. ಆಷಾಢದ ಆ ಬೆಳಿಗ್ಗೆ ಜಿಮ್ ಖಾಲಿ ಹೊಡೆಯುತ್ತಿತ್ತು. ಸದಾ ಹುಡುಗರು ಮುತ್ತಿಕೊಂಡಿರುವ ಸ್ಟ್ಯಾಂಡು ನನ್ನೊಬ್ಬಳಿಗೇ ಸಿಕ್ಕಿತು.

20 ಕೆ.ಜಿ.ಯ ಖಾಲಿ ರಾಡಿನಿಂದ ಶುರುಮಾಡಿದ ನನ್ನ ಓವರ್‌ಹೆಡ್ ಪ್ರೆಸ್, ಅಂದರೆ ನಿಂತುಕೊಂಡು ರಾಡನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು, ಒಂದೂವರೆ ತಿಂಗಳಿಂದ 27.5ಕ್ಕೆ ಕಚ್ಚಿಕೊಂಡಿತ್ತು. ಎರಡೂ ಕಡೆ ಇನ್ನೊಂದೊಂದು 1.25ರ ಪ್ಲೇಟು ಸೇರಿಸಿದರೆ ಸಾಕು, ರಾಡು ಹಣೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಭುಜದಲ್ಲಿ ಬಲ ಸಾಲದು ಎಂದು ನಂಬಿ ದಿನ ಬಿಟ್ಟು ದಿನ ಡಂಬೆಲ್ ಹಿಡಿದು ಭುಜವನ್ನೇ ದಣಿಸುತ್ತಿದ್ದೆ. ಅದರ ಜೊತೆಗೆ ಸೊಂಟದಲ್ಲೊಂದು ಹಿಡಿತ ಬೇರೆ.

ನೋಡುವವರು ಯಾರೂ ಇಲ್ಲವಲ್ಲ ಎಂಬ ಧೈರ್ಯಕ್ಕೆ ಫೋನನ್ನು ಪಕ್ಕದ ಬೆಂಚಿಗೆ ಒರಗಿಸಿ ವಿಡಿಯೊ ಮಾಡಿಕೊಂಡೆ. ರಾಡು ಗದ್ದವನ್ನು ತಪ್ಪಿಸಿಕೊಂಡು ಬಿಲ್ಲಿನ ಹಾಗೆ ಮುಂದಕ್ಕೆ ಹೋಗುತ್ತಿದೆ, ನಾನು ನಡು ಬಾಗಿಸಿ ಹಿಂದಕ್ಕೆ ವಾಲುತ್ತಿದ್ದೇನೆ. ಒಲಿಂಪಿಕ್ಸಿನ ಭಾರ ಎತ್ತುವ ಸ್ಪರ್ಧೆಯಲ್ಲಿ 1972ರವರೆಗೆ ಪ್ರೆಸ್ ಕೂಡ ಇತ್ತು. ಸ್ಪರ್ಧಿಗಳು ಹಿಂದಕ್ಕೆ ಬಾಗುವುದು ಮಿತಿಮೀರಿ, ಸರಿ ತಪ್ಪು ತೀರ್ಮಾನಿಸುವುದೇ ಕಷ್ಟವಾದಾಗ ಅದನ್ನು ಕೈಬಿಟ್ಟರು. ಅದೇ ವಾಲಾಟ ನನ್ನ ಫೋನಿನಲ್ಲಿತ್ತು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಸೊಪ್ಪಿನ ಹೊರೆ ಎತ್ತಿಸಿಕೊಳ್ಳುತ್ತಿದ್ದುದು ನೆನಪಾಯಿತು. ಹೊರೆ ಒಂದಿಷ್ಟು ಮೇಲೇರಿದ್ದೇ ತಡ, ಅವಳು ಸರಕ್ಕನೆ ಅದರ ಅಡಿಗೆ ಬಂದು ನಿಲ್ಲುವಳು. ಆಮೇಲೆ ಕುತ್ತಿಗೆ, ಬೆನ್ನು, ಹಿಮ್ಮಡಿ ಎಲ್ಲ ಒಂದೇ ಗೆರೆ. ನಾನು ಮಾತ್ರ ರಾಡಿನ ಹಿಂದೆಯೇ ಉಳಿದುಬಿಡುತ್ತಿದ್ದೆ.

ಮತ್ತೆ ಖಾಲಿ ರಾಡಿಗೆ ಬಂದೆ. ಕೈ ಭುಜಕ್ಕಿಂತ ಒಂಚೂರು ಅಗಲ, ಮುಂಗೈ ನೆಟ್ಟಗೆ. ರಾಡು ಬೆರಳುಗಳ ಬುಡದಿಂದ ಅಂಗೈಯ ಬುಡಕ್ಕೆ, ಮಣಿಕಟ್ಟಿನ ನೇರಕ್ಕೆ ಬಂತು. ಇಷ್ಟು ದಿನ ಮಣಿಕಟ್ಟು ಹಿಂದಕ್ಕೆ ಮುರಿದು ಅಲ್ಲೇ ಅರ್ಧ ಬಲ ಸೋರಿಹೋಗುತ್ತಿತ್ತು. ಪೃಷ್ಠ ಬಿಗಿದು, ಹೊಟ್ಟೆ ತುಂಬ ಉಸಿರು ಹಿಡಿದೆ. ಪೃಷ್ಠ ಬಿಗಿದಿದ್ದರೆ ನಡು ಬಾಗುವುದಕ್ಕೆ ಜಾಗವೇ ಇರುವುದಿಲ್ಲ, ಸೊಂಟದ ಹಿಡಿತಕ್ಕೆ ಮದ್ದು ಅಲ್ಲಿತ್ತು. ಗದ್ದ ಹಿಂದೆ ಸರಿಸಿ ರಾಡನ್ನು ಮೂಗು ಸವರುವಷ್ಟು ಹತ್ತಿರದಲ್ಲಿ ನೇರ ಮೇಲಕ್ಕೆ ಬಿಟ್ಟು, ಅದು ಹಣೆ ದಾಟಿದ ಕ್ಷಣ ತಲೆಯನ್ನು ಎರಡು ತೋಳುಗಳ ನಡುವೆ ಮುಂದಕ್ಕೆ ತಂದೆ. ಕೊನೆಗೆ ಭುಜವನ್ನು ಕಿವಿಯ ಕಡೆಗೆ ಎತ್ತಿದೆ. ರಾಡು ಪಾದದ ನಡುಭಾಗದ ನೇರಕ್ಕೆ ನಿಂತಿತು. ಅಷ್ಟು ಹಗುರವಾಗಿ ಅದು ಹಿಂದೆಂದೂ ನಿಂತಿರಲಿಲ್ಲ.

ನೆಲದ ಮೇಲೆ ಕಾಲು ಚಾಚಿ ಕೂತು ಮಾಡುವ ಜ಼ೆಡ್ ಪ್ರೆಸ್ಸನ್ನೂ ಅವತ್ತೇ ಮೊದಲ ಸಲ ಮಾಡಿದ್ದು. ಅದರಲ್ಲಿ ಹಿಂದಕ್ಕೆ ವಾಲಿದರೆ ಬೀಳುವುದೇ, ಆದ್ದರಿಂದ ಬೆನ್ನಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಂಡಿ ತುಸು ಬಗ್ಗಿಸಿ ಕಾಲಿನ ಬಲದಿಂದ ನೂಕುವ ಪುಶ್ ಪ್ರೆಸ್ಸಿನಲ್ಲಿ ಭಾರ ಹೆಚ್ಚು ಹೋಗುತ್ತದೆ, ನಿಜ. ಆದರೆ ನಾನು ಸಿಕ್ಕಿಬೀಳುವ ಹಣೆಯ ಮಟ್ಟವನ್ನೇ ಅದು ದಾಟಿಸಿಬಿಡುತ್ತದೆ, ಅದಕ್ಕೇ ದೂರವಿಟ್ಟೆ. ಕತ್ತಿನ ಹಿಂದಿನಿಂದ ಎತ್ತುವುದು ನನ್ನ ಭುಜಕ್ಕೆ ಒಗ್ಗುವುದಿಲ್ಲ.

ಮಳೆಗಾಲದ ತೇವಕ್ಕೆ ಚಾಕ್ ಪುಡಿ ಕೈಯಲ್ಲಿ ಮುದ್ದೆಯಾಗುತ್ತಿತ್ತು. ಟವೆಲಿನಲ್ಲಿ ರಾಡು ಒರೆಸಿ 30 ಹಾಕಿದೆ. ಎರಡು ಸಲ ಹೋಯಿತು. ಮೂರನೆಯದು ಹಣೆಯ ಹತ್ತಿರ ತಡೆಯಿತು, ನಡುಗಿತು, ತಲೆ ಮುಂದೆ ತಂದೆ, ಹೋಯಿತು. ಅಷ್ಟರಲ್ಲಿ ತುಂಗೆ ನೋಡಿ ಬಂದ ಇಬ್ಬರು ಬಾಗಿಲಲ್ಲಿ ಕೊಡೆ ಮಡಚುತ್ತ ಮಂಟಪದ ತುದಿಯೂ ಕಾಣುತ್ತಿಲ್ಲ ಎಂದರು.