ಐವತ್ತು ರೂಪಾಯಿಯ ಒಂದು ಸಾಲು

ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ಒಬ್ಬರು ಕರೆಂಟ್ ಬಿಲ್ಲನ್ನು ಟೇಬಲ್ ಮೇಲಿಟ್ಟುಕೊಂಡು ಮೊಬೈಲಿನಲ್ಲಿ ದುಡ್ಡು ಕಟ್ಟುತ್ತಿದ್ದರು. ಪಕ್ಕದಲ್ಲಿ ಬುತ್ತಿ ಬಿಚ್ಚುತ್ತಿದ್ದ ನನ್ನ ಕಣ್ಣಿಗೆ ಅದರಲ್ಲಿ ಒಂದು ಸಾಲು ಬಿತ್ತು. ರಿಯಾಯಿತಿ, ಅದರ ಮುಂದೆ 50.00. ಇದೇನು ಅಂತ ಕೇಳಿದೆ.

"ಸೋಲಾರ್ ಐತಲ್ರೀ, ಅದರದು. ನಿಮಗ ಬರೂದಿಲ್ಲೇನು?"

ನಮಗೆ ಬರುತ್ತಿರಲಿಲ್ಲ. ಇದು 2022ರ ಡಿಸೆಂಬರ್ ಮಾತು. ನಮ್ಮ ಮಾಳಿಗೆ ಮೇಲೆ ನೀರು ಕಾಯಿಸುವ ಸೋಲಾರ್ ಕೂತು ಆಗಲೇ ಮೂರು ವರ್ಷ ದಾಟಿತ್ತು.

ಹಾಕಿಸಿದ್ದು 2019ರ ದೀಪಾವಳಿಗೆ. ನೀರು ತುಂಬುವ ಹಬ್ಬದ ಹಿಂದಿನ ದಿನ ಸಂಜೆ ಕೆಲಸ ಮುಗಿಯಿತು. ಮರುದಿನ ಅತ್ತೆ ಹಿಂಡಲಕಾಯಿ ಬಳ್ಳಿ ತಂದು, ಬಚ್ಚಲಿನ ಹಂಡೆಗೆ ಕಟ್ಟಿದಂತೆ ಆ ಟ್ಯಾಂಕಿಗೂ ಕಟ್ಟಿದರು. ಅರಿಶಿನ ಕುಂಕುಮ ಹಚ್ಚಿದರು. ಕಬ್ಬಿಣದ ಸ್ಟ್ಯಾಂಡ್ ಮೇಲೆ ಬಳ್ಳಿ ಸುತ್ತಿಕೊಂಡು ನಿಂತ ಆ ಬಿಳಿ ಟ್ಯಾಂಕು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 150 ಲೀಟರಿನದು, ಹದಿನೈದು ಗಾಜಿನ ಟ್ಯೂಬು. ನಮ್ಮದು ಬೋರಿನ ಸವಳು ನೀರು. ತಾಮ್ರದ ಪೈಪಿನ ಪ್ಯಾನಲ್ ಹಾಕಿಸಿದರೆ ಒಳಗೆ ಉಪ್ಪು ಕಟ್ಟಿಕೊಳ್ಳುತ್ತದೆ, ಗಾಜಿನ ಟ್ಯೂಬನ್ನಾದರೆ ಬಿಚ್ಚಿ ತೊಳೆಯಬಹುದು ಅಂತ ಅದನ್ನೇ ಆರಿಸಿದ್ದೆವು.

ಅದಕ್ಕೂ ಮೊದಲು ಗೀಜರ್ ಇತ್ತು. ಎರಡು ಕಿಲೋವ್ಯಾಟಿನದು. ಅರ್ಧ ತಾಸು ಉರಿದರೆ ಒಂದು ಯೂನಿಟ್. ಐದು ಜನರ ಮನೆಯಲ್ಲಿ ಬೆಳಗಿನ ಹೊತ್ತು ಅದು ಒಂದೂವರೆ ತಾಸು ನಡೆದೇ ನಡೆಯುತ್ತಿತ್ತು. ಅಂದರೆ ತಿಂಗಳಿಗೆ ತೊಂಬತ್ತು ಯೂನಿಟ್ ಬರೀ ಸ್ನಾನಕ್ಕೆ! ಸೋಲಾರ್ ಬಂದ ಮೇಲೆ ಅಷ್ಟೂ ಉಳಿಯಿತು. ಆ ಖುಷಿಯಲ್ಲಿ ಇದ್ದುಬಿಟ್ಟೆವು. ಬಿಲ್ಲಿನಲ್ಲೂ ಒಂದಿಷ್ಟು ಕಡಿಮೆಯಾಗಬೇಕು, ಅದನ್ನು ನಾವೇ ಅರ್ಜಿ ಹಾಕಿ ಕೇಳಬೇಕು ಅಂತ ಯಾರೂ ಹೇಳಲಿಲ್ಲ. ನಾವೂ ವಿಚಾರಿಸಲಿಲ್ಲ.

ಸಂಜೆ ಮನೆಗೆ ಬಂದು ಮಾವನಿಗೆ ಹೇಳಿದೆ. ಅವರು ಪೇಪರ್ ಮಡಚಿಟ್ಟು, "ಎಷ್ಟು?" ಅಂದರು. ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಜಾಸ್ತಿ ಅಂದರೆ 50 ರೂಪಾಯಿ ಅಂದೆ. ನೂರು ಯೂನಿಟ್ ದಾಟುವ ಮನೆಗೆ ಆಗ ಪೂರ್ತಿ ಐವತ್ತು ಸಿಗುತ್ತಿತ್ತು. ನಮ್ಮದು ನೂರಾ ಮೂವತ್ತರ ಆಸುಪಾಸು. ಮಾವ ಬೆರಳು ಎಣಿಸಿದರು. "ವರ್ಷಕ್ಕ ಆರುನೂರು. ಮೂರು ವರ್ಷಕ್ಕ ಹದಿನೆಂಟುನೂರು. ನಾಳೆ ಹೋಗಿ ಕೇಳವ್ವ."

ಮಾವನ ಬಗ್ಗೆ ಇಲ್ಲಿ ಹೇಳಲೇಬೇಕು. ಅವರು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಬಂದವರು. ಮನೆ ಅಳತೆ, ಪರಿಹಾರ, ಪ್ಲಾಟು ಅಂತ ಆ ಕಾಲದಲ್ಲಿ ಎಷ್ಟು ಕಚೇರಿ ತಿರುಗಿದರೋ ಅವರಿಗೇ ಗೊತ್ತು. ಅಂದಿನಿಂದ ಅವರ ಕೈಗೆ ಬಂದ ಒಂದು ಚೀಟಿಯೂ ಕಸಕ್ಕೆ ಹೋಗಿಲ್ಲ. ಮಂಚದ ಕೆಳಗೆ ಒಂದು ಕಬ್ಬಿಣದ ಟ್ರಂಕ್ ಇದೆ, ಎಲ್ಲವೂ ಅದರೊಳಗೆ. ಐವತ್ತು ರೂಪಾಯಿಗೆ ರಜೆ ಹಾಕಬೇಕಾ ಅಂತ ನನ್ನ ಮನೆಯವರು ಕೇಳಿದಾಗ ಮಾವ ಹೇಳಿದ್ದಿಷ್ಟೇ: "ನಮಗ ಬರಬೇಕಾದ್ದು ಅದು. ಬಿಡೂದ್ಯಾಕ?" ನನಗೂ ಅದು ಸರಿ ಅನಿಸಿತು. ದರ ಗೊತ್ತುಮಾಡುವ ಆಯೋಗವೇ ಮನೆಬಳಕೆಯವರಿಗೆ ಕೊಟ್ಟ ರಿಯಾಯಿತಿ ಇದು. ಯಾರ ಮುಂದೆಯೂ ಕೈ ಚಾಚುವ ಮಾತಲ್ಲ.

ಅರ್ಧ ದಿನ ರಜೆ ಹಾಕಿ ಕರೆಂಟಿನವರ ಸೆಕ್ಷನ್ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಚೆನ್ನಾಗಿ ಮಾತಾಡಿಸಿದ. ಬಿಳಿ ಹಾಳೆಯಲ್ಲಿ ಅರ್ಜಿ, ಬಿಲ್ಲಿನ ಮೇಲಿರುವ ನಮ್ಮ ಕನೆಕ್ಷನ್ನಿನ ಆರ್.ಆರ್. ನಂಬರ್, ಹಿಂದಿನ ತಿಂಗಳ ಬಿಲ್ಲು, ಸೋಲಾರ್ ಕೂತಿರುವ ಫೋಟೋ, ಕೊಂಡ ಬಿಲ್ಲು. ಮೀಟರ್ ಮಾವನ ಹೆಸರಲ್ಲಿರುವುದರಿಂದ ಅರ್ಜಿಗೆ ಸಹಿ ಅವರದ್ದೇ ಬೇಕು. ಆಮೇಲೆ ಒಬ್ಬರು ಮನೆಗೆ ಬಂದು ನೋಡುತ್ತಾರೆ. "ಹಾಕ್ಸಿದ್ರಷ್ಟ ಸಾಲೂದಿಲ್ರೀ ಮೇಡಂ, ಬಳಸ್ತಿರಬೇಕು," ಅಂದ. ಹಿಂದಿನ ಮೂರು ವರ್ಷದ್ದು ಬರುವುದಿಲ್ಲ, ಅರ್ಜಿ ಮಂಜೂರಾದ ಮೇಲಿನದ್ದು ಮಾತ್ರ ಅಂತಲೂ ಹೇಳಿದ. ಹದಿನೆಂಟುನೂರು ಅಲ್ಲಿಗೆ ಹೋಯಿತು. ಬೇಜಾರಾಯಿತು, ಆದರೆ ಆ ಹುಡುಗನದ್ದೇನು ತಪ್ಪು?

ತೊಡಕು ಬಂದದ್ದು ಕೊಂಡ ಬಿಲ್ಲಿನಲ್ಲಿ. 2019ರಲ್ಲಿ ಅಂಗಡಿಯವರು, ಪಕ್ಕಾ ಬಿಲ್ಲು ಬೇಡ ಅಂದರೆ ಐದು ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅಂದಿದ್ದರು. ಹಬ್ಬದ ಗಡಿಬಿಡಿಯಲ್ಲಿ ನಾವೂ ಹೂಂ ಅಂದುಬಿಟ್ಟಿದ್ದೆವು. ಕೊಟ್ಟದ್ದು ಒಂದು ಎಸ್ಟಿಮೇಟ್ ಚೀಟಿ. ಅಂಗಡಿಯ ಸೀಲಿಲ್ಲ, ಮಾಲಿನ ನಂಬರಿಲ್ಲ. ಅದೇ ದಿನ ಅಂಗಡಿಗೆ ಹೋಗಿ ಕೇಳಿದೆ. ಮೂರು ವರ್ಷದ ಹಿಂದಿನದು ಈಗೆಲ್ಲಿ ತರಲಿ ಅಂತ ಮುಖ ಕೊಟ್ಟು ಮಾತಾಡಲಿಲ್ಲ. ಕೂಡ್ರಿ ಅಂತಲೂ ಅನ್ನಲಿಲ್ಲ. ಹಬ್ಬದ ಮುಂಚೆ ಮಾಲು ಮಾರುವಾಗ ಚಹಾ ತರಿಸಿದ್ದ ಮನುಷ್ಯ ಇವರೇನಾ ಅನಿಸಿತು. ಸೋಲಾರ್ ಕೊಳ್ಳುವವರಿಗೆ ನಾನು ಈಗ ಮೊದಲು ಹೇಳುವುದೇ ಇದು: ಪಕ್ಕಾ ಬಿಲ್ಲು ತಗೊಳ್ಳಿ. ಉಳಿಸಿದ ತೆರಿಗೆ ಉಳಿತಾಯ ಅಲ್ಲ. ನಾಳೆ ಟ್ಯೂಬು ಒಡೆದರೂ, ಟ್ಯಾಂಕು ಸೋರಿದರೂ ಆ ಹಾಳೆಯೇ ಬೇಕು.

ಬರಿಗೈಲಿ ಮನೆಗೆ ಬಂದೆ. ಮಾವ ಏನೂ ಕೇಳದೆ ಟ್ರಂಕ್ ಎಳೆದರು. ಮೊಣಕಾಲು ನೋವಿದ್ದರೂ ನೆಲಕ್ಕೆ ಕೂತೇ ಹುಡುಕಿದರು. ಮೇಲೆ ಮೊಮ್ಮಗನ ಲಸಿಕೆ ಕಾರ್ಡು, ಅದರ ಕೆಳಗೆ ಗ್ಯಾಸಿನ ಪುಸ್ತಕ, ಇನ್ನೂ ಕೆಳಗೆ ದಾರ ಕಟ್ಟಿದ ಮುಳುಗಡೆ ಕಾಗದಗಳು. ನಡುವೆ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ಸೋಲಾರಿನ ವಾರಂಟಿ ಕಾರ್ಡು! ಟ್ಯಾಂಕಿನ ಸೀರಿಯಲ್ ನಂಬರ್, ಕೂರಿಸಿದ ತಾರೀಖು, ಅಂಗಡಿಯ ಸೀಲು, ಎಲ್ಲ ಇತ್ತು. ಕೂರಿಸಲು ಬಂದ ಹುಡುಗರು ಡಬ್ಬಿ ಜೊತೆ ಬಿಸಾಡಲು ಹೊರಟಿದ್ದನ್ನು ಮಾವ ಈಸಿಕೊಂಡಿದ್ದರಂತೆ. ಮರುದಿನ ಆಫೀಸಿನಲ್ಲಿ ಅದನ್ನೂ ಚೀಟಿಯನ್ನೂ ಸೇರಿಸಿ ಕೊಟ್ಟೆ. ನೋಡಿದರು, ಒಪ್ಪಿದರು.

ಪರೀಕ್ಷೆಗೆ ಬಂದದ್ದು ಜನವರಿಯಲ್ಲಿ, ಸಂಕ್ರಮಣಕ್ಕೆ ಎರಡು ದಿನ ಇರುವಾಗ. ಅತ್ತೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಬಂದವರು ಮಾಳಿಗೆ ಹತ್ತಿ ಟ್ಯೂಬು ಎಣಿಸಿದರು, ಟ್ಯಾಂಕಿನ ನಂಬರನ್ನು ಕಾರ್ಡಿನ ಜೊತೆ ತಾಳೆ ನೋಡಿದರು. ದಕ್ಷಿಣಕ್ಕೆ ಮುಖ ಇದೆಯಾ, ತಣ್ಣೀರಿನ ಟ್ಯಾಂಕ್ ಸೋಲಾರಿಗಿಂತ ಎತ್ತರದಲ್ಲಿದೆಯಾ ಅಂತಲೂ ನೋಡಿದರು. ಇದರಲ್ಲಿ ಮೋಟಾರಿಲ್ಲವಲ್ಲ, ಟ್ಯೂಬಿನಲ್ಲಿ ಕಾದ ನೀರು ಹಗುರಾಗಿ ತಾನೇ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಅಷ್ಟೇ ಅದರ ಯಂತ್ರ.

ಆಮೇಲೆ ಬಚ್ಚಲಿಗೆ ಬಂದು ನಳ ತಿರುಗಿಸಿ ಕೈ ಹಿಡಿದರು. ತಣ್ಣಗಿನ ನೀರು.

ಅವರು ನನ್ನ ಮುಖ ನೋಡಿದರು. "ಸ್ವಲ್ಪ ತಡೀರಿ ಸರ್, ಪೈಪಿನಾಗಿನ ನೀರು ಹೋಗಬೇಕು," ಅಂದೆ. ಬಕೆಟ್ ಕಾಲುಭಾಗ ತುಂಬಿತು. ಅರ್ಧ ಆಯಿತು. ಬಿಸಿ ಬರುತ್ತದೆ ಅಂತ ಗೊತ್ತಿದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅರ್ಧ ದಾಟಿದ ಮೇಲೆ ನೀರಿನ ಸದ್ದು ಒಂಚೂರು ಬದಲಾಯಿತು, ಹಬೆ ಎದ್ದಿತು. ಅವರು ಪಟ್ಟನೆ ಕೈ ಹಿಂದಕ್ಕೆ ತಗೊಂಡು, "ಸಾಕ್ರಿ, ಸಾಕ್ರಿ," ಅಂದರು. ಆ ಅರ್ಧ ಬಕೆಟ್ ತಣ್ಣೀರನ್ನು ಅತ್ತೆ ದಿನದಂತೆ ತುಳಸಿಗೆ ಒಯ್ದು ಹಾಕಿದರು. ಬಂದವರಿಗೆ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಕೊಟ್ಟೇ ಕಳಿಸಿದೆವು.

ಅದೇ ವರ್ಷ ಗೃಹಜ್ಯೋತಿ ಬಂತು, ಬಿಲ್ಲಿನ ಲೆಕ್ಕವೇ ಬೇರೆಯಾಯಿತು. ಆದರೂ ಸೋಲಾರಿನ ಬೆಲೆ ನನಗೆ ಇನ್ನೂ ಚೆನ್ನಾಗಿ ತಿಳಿದದ್ದು ಆಗಲೇ. ನಮ್ಮ ನೂರಾ ಮೂವತ್ತಕ್ಕೆ ಗೀಜರಿನ ತೊಂಬತ್ತು ಕೂಡಿಸಿ ನೋಡಿ, 200ರ ಗೆರೆ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. 2024ರಲ್ಲಿ ಸೂರ್ಯಘರ್ ಯೋಜನೆ ಬಂದಾಗ ಓಣಿಯವರು, ನಿಮ್ಮ ಸೋಲಾರಿಗೂ 78,000 ಬಂತಾ ಅಂತ ಕೇಳತೊಡಗಿದರು. ಅದು ಕರೆಂಟ್ ತಯಾರಿಸುವ ಪ್ಯಾನಲ್ಲಿಗೆ, ಮೂರು ಕಿಲೋವ್ಯಾಟ್ ಹಾಕಿಸಿದವರಿಗೆ ಸಿಗುವ ಮೊತ್ತ. ನೀರು ಕಾಯಿಸುವ ಸೋಲಾರಿಗೆ ಅದಲ್ಲ. ಎರಡಕ್ಕೂ ಸೋಲಾರ್ ಅಂತಲೇ ಅನ್ನುತ್ತೇವಲ್ಲ, ಗೊಂದಲ ಆಗುವುದು ಸಹಜ. ಕೇಳಿದವರಿಗೆಲ್ಲ ಬಿಡಿಸಿ ಹೇಳುತ್ತೇನೆ.

ನಮ್ಮ ಬಿಲ್ಲಿನಲ್ಲಿ ಆ ರಿಯಾಯಿತಿಯ ಸಾಲು ಮೊದಲು ಕಂಡದ್ದು 2023ರ ಮಾರ್ಚ್ ತಿಂಗಳಲ್ಲಿ. ಮೀಟರ್ ನೋಡುವವರು ಮಷಿನ್ನಿನಿಂದ ಹರಿದು ಕೊಟ್ಟ ಉದ್ದನೆಯ ಚೀಟಿಯನ್ನು ಮಾವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು ಇಳಿಯುತ್ತಾ ಬಂದರು. ಐವತ್ತರ ಸಾಲಿನ ಮೇಲೆ ಬೆರಳು ನಿಂತಿತು. ಎರಡು ಸಲ ಓದಿದರು. ಚೀಟಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅದರ ಅಂಚನ್ನು ಮೆಲ್ಲಗೆ ಗೀರಿ ನೋಡಿದರು.

"ಈ ಕಾಗದದ ಅಕ್ಷರ ನಿಲ್ಲೂದಿಲ್ಲವ್ವ, ಅಳಿಸಿ ಹೋಗ್ತಾವು. ಒಂದು ಝೆರಾಕ್ಸ್ ಮಾಡಿಸ್ಕೊಂಡು ಬಾ," ಅಂದು ಟ್ರಂಕ್ ಎಳೆದರು.