ಮೂರು ಪುಸ್ತಕ, ಏಳು ರಾತ್ರಿ

ನಮ್ಮೂರಿನ ವಾಯನಶಾಲೆಯಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ಕನ್ನಡಕ್ಕೆ ಇರುವುದು ಒಂದೂವರೆ ಕಪಾಟು, ಉಳಿದವೆಲ್ಲ ಮಲಯಾಳದವು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರಾದ ನಮಗೆ ಈ ಲೆಕ್ಕ ಹೊಸದಲ್ಲ. ಒಂದು ಕಾರ್ಡಿಗೆ ಮೂರು ಪುಸ್ತಕ ಕೊಡುತ್ತಾರೆ. ಶನಿವಾರ ಸಂಜೆ ತಂದವನ್ನು ಮುಂದಿನ ಶನಿವಾರ ಮರಳಿಸುವುದು ಕೆಲವು ವರ್ಷಗಳಿಂದ ನಾನು ಪಾಲಿಸಿಕೊಂಡು ಬಂದ ಕ್ರಮ. ಆದ್ದರಿಂದ ವಾರದ ಓದು ಹೇಗಿರಬೇಕೆಂಬುದು ಆ ಕಪಾಟಿನ ಮುಂದೆ ನಿಂತ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ.

ಆ ತೀರ್ಮಾನ ನನ್ನೊಬ್ಬಳದಲ್ಲ. ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಹಾಗಾಗಿ ರಾತ್ರಿ ಊಟವಾದ ಮೇಲೆ ನಾನು ಗಟ್ಟಿಯಾಗಿ ಓದುತ್ತೇನೆ, ಅವರು ಅಡಿಕೆ ಸುಲಿಯುತ್ತ ಕೇಳುತ್ತಾರೆ. ಗಂಟೆಗೆ ಇಪ್ಪತ್ತೈದು ಪುಟಕ್ಕಿಂತ ಹೆಚ್ಚು ಸಾಗುವುದಿಲ್ಲ. ಮಳೆ ಜೋರಾಗಿ ಕರೆಂಟು ಹೋದ ರಾತ್ರಿ ಓದು ಅಲ್ಲಿಗೇ ನಿಲ್ಲುತ್ತದೆ. ಈ ಕಾರಣದಿಂದ ಅಮ್ಮನಿಗಾಗಿ ಆರಿಸುವ ಪುಸ್ತಕ ನೂರೈವತ್ತು ಪುಟದೊಳಗೆ ಇದ್ದರೆ ಒಳ್ಳೆಯದು. ನಡುವೆ ನಿಲ್ಲಿಸಿದರೂ ಮರುದಿನ ಎಳೆ ಹಿಡಿಯಲು ಬರುವಂತಿರಬೇಕು, ಒಂದೇ ವಾರದಲ್ಲಿ ಎರಡು ದುಃಖದ ಕತೆಗಳೂ ಬರಬಾರದು. ಈ ಕೊನೆಯ ನಿಯಮ ಅಮ್ಮ ಹಾಕಿದ್ದು. ಅದನ್ನು ನಾನು ಮೀರುವುದಿಲ್ಲ.

ಕಳೆದ ಶನಿವಾರ ವಾಚನಾ ವಾರದ ಹೊತ್ತಿಗೆ ಬಂದಿತ್ತು. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಅವರು ತೀರಿಕೊಂಡ ಜೂನ್ 19ನ್ನು ವಾಚನಾ ದಿನವೆಂದು ಆಚರಿಸುತ್ತಾರೆ. 1945ರಲ್ಲಿ ತಿರುವಿದಾಂಕೂರಿನ ಊರೂರಿನ ಗ್ರಂಥಾಲಯಗಳನ್ನು ಒಂದು ಸಂಘದ ಅಡಿಯಲ್ಲಿ ಸೇರಿಸಿದವರು ಅವರು. ಆಗ ನಮ್ಮ ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಆ ಸೇರ್ಪಡೆಯ ನೋವು ನಮ್ಮ ಹಿರಿಯರ ಮಾತಿನಲ್ಲಿ ಇಂದಿಗೂ ಇದೆ. ಆದರೆ ಒಳಹಳ್ಳಿಯಲ್ಲಿಯೂ ಒಂದು ವಾಯನಶಾಲೆ ಇರಬೇಕೆಂಬ ಈ ನಾಡಿನ ಹಟದಿಂದಲೇ ನನ್ನ ಕೈಗೆ ಪುಸ್ತಕ ಸಿಗುತ್ತಿದೆ ಎಂಬುದನ್ನೂ ನಾನು ಮನಸಾರೆ ಒಪ್ಪುತ್ತೇನೆ.

ಮೊದಲು ಕೈ ಹೋದದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯತ್ತ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಮನೆಯಲ್ಲಿ ಮಲಯಾಳ ಆಡುತ್ತ ಬೆಳೆದು, ಕನ್ನಡದಲ್ಲಿ ಬರೆದವರು ಅವರು. ಕಾಲೇಜಿನ ದಿನಗಳಲ್ಲಿ ಇದನ್ನು ನಾಯಕಿ ನಾದಿರಾಳ ಕತೆಯೆಂದು ಓದಿದ್ದೆ. ಈಗ ಅವಳ ತಾಯಿಯ ಮೌನವನ್ನು ಗಮನವಿಟ್ಟು ಓದಬೇಕೆನಿಸಿತು. ನಾನು ದಿನವೂ ಬಸ್ಸಿನಲ್ಲಿ ಹೋಗಿ ಬರುವವಳಾದುದರಿಂದ ಇದು ಬಸ್ಸಿನ ಪುಸ್ತಕವಾಯಿತು. ವಾರದ ದುಃಖದ ಪಾಲು ಇದರಲ್ಲೇ ತೀರಿತು, ಅದೂ ಅಮ್ಮನ ಕಿವಿಗೆ ಬೀಳದಂತೆ.

ಎರಡನೆಯದನ್ನು ಮಲಯಾಳದ ಕಪಾಟಿನಿಂದ ತೆಗೆದೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಲಿಪಿಯನ್ನು ಬಸ್ಸಿನ ಬೋರ್ಡು ನೋಡಿ ಕಲಿತವಳು. ಆದ್ದರಿಂದ ತಿಂಗಳಿಗೆ ಒಂದಾದರೂ ಮಲಯಾಳ ಪುಸ್ತಕವನ್ನು ನಿಧಾನವಾಗಿ ಓದುವುದೆಂದು ನಿಶ್ಚಯಿಸಿಕೊಂಡಿದ್ದೇನೆ. ವೈಕಂ ಮುಹಮ್ಮದ್ ಬಷೀರರ ‘ಪಾತುಮ್ಮಾಯುಡೆ ಆಡು’ (ಪಾತುಮ್ಮಳ ಆಡು) ಇದಕ್ಕೆ ತಕ್ಕುದು: 1959ರಲ್ಲಿ ಬಂದ ಸಣ್ಣ ಪುಸ್ತಕ, ಮನೆಮಾತಿನ ಭಾಷೆ. ಅದರಲ್ಲಿ ಆಡು ಬಷೀರರು ಬರೆದ ಪುಸ್ತಕಗಳನ್ನೇ ತಿಂದುಹಾಕುವ ಭಾಗವಿದೆ. ಅದನ್ನು ವಾಕ್ಯ ವಾಕ್ಯವಾಗಿ ಕನ್ನಡದಲ್ಲಿ ಹೇಳುತ್ತ ಹೋದರೆ ಅಮ್ಮನಿಗೆ ಹಿಡಿಸುತ್ತದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ನಮ್ಮ ಕೊಟ್ಟಿಗೆಯ ಕರುವಿನ ಬಾಯಿಯಿಂದ ಅವರು ಎಷ್ಟೋ ಬಟ್ಟೆಗಳನ್ನು ಎಳೆದು ಬಿಡಿಸಿಕೊಂಡವರು.

ಮೂರನೆಯದನ್ನು ಆರಿಸಲು ಹೊತ್ತು ಹಿಡಿಯಿತು. ಕಾರಡ್ಕದಲ್ಲಿ ಹುಟ್ಟಿದ ಕೆ. ವಿ. ತಿರುಮಲೇಶರ ‘ಅಕ್ಷಯ ಕಾವ್ಯ’ ಕೈಯಲ್ಲೇ ಇತ್ತು. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಆ ದೀರ್ಘ ಕೃತಿಯನ್ನು ಏಳು ದಿನಗಳೊಳಗೆ ಮುಗಿಸಿ ಮರಳಿಸುವುದು ಕವಿತೆಗೆ ಮಾಡುವ ಅನ್ಯಾಯವೆಂದು ತೋರಿತು. ಅದನ್ನು ಬೇಸಗೆ ರಜೆಗೆ ಇಟ್ಟುಕೊಂಡೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥೆ ನಮ್ಮ ಮನೆಯಲ್ಲೇ ಇದೆ. ಕೊನೆಗೆ ಕೆಳಗಿನ ಸಾಲಿನಲ್ಲಿ, ರಟ್ಟು ಸಡಿಲಾದ ಒಂದು ಯಕ್ಷಗಾನ ಪ್ರಸಂಗಗಳ ಸಂಪುಟ ಕಂಡಿತು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು, ಪ್ರತಿ ಪದ್ಯದ ಮೇಲೆ ರಾಗ ತಾಳಗಳ ಹೆಸರಿನೊಂದಿಗೆ. ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಕೊನೆಯ ತಾರೀಕು ಹನ್ನೊಂದು ವರ್ಷ ಹಿಂದಿನದು.

ನಾನು ಈ ಚೀಟಿಯನ್ನು ನೋಡದೆ ಪುಸ್ತಕ ಆರಿಸುವುದಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿ ವೃತ್ತಿ ಆರಂಭಿಸಿದವರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು. ಎಲ್ಲ ಕಡೆಯ ಗ್ರಂಥಾಲಯಕ್ಕೂ ಒಪ್ಪುವ ಆ ಮಾತು ಗಡಿಯ ಊರಿನಲ್ಲಿ ಇನ್ನಷ್ಟು ಗುರುತರವಾದುದು. ಇಲ್ಲಿ ಕನ್ನಡ ಪುಸ್ತಕವೊಂದು ಹತ್ತು ವರ್ಷ ಹೊರಗೆ ಹೋಗದಿದ್ದರೆ, ಕನ್ನಡಕ್ಕೆ ಓದುಗರಿಲ್ಲವೆಂದು ರಿಜಿಸ್ಟರೇ ಹೇಳುತ್ತದೆ. ಮುಂದಿನ ಖರೀದಿಯ ಪಟ್ಟಿ ಮಾಡುವವರಿಗೆ ಕಾಣುವುದು ಆ ರಿಜಿಸ್ಟರ್ ಮಾತ್ರ. ಹಾಗಾಗಿ ಪ್ರತಿ ವಾರದ ಮೂರರಲ್ಲಿ ಒಂದು, ಬಹುಕಾಲ ಯಾರೂ ಮುಟ್ಟದ ಕನ್ನಡ ಪುಸ್ತಕವಾಗಿರಬೇಕೆಂದು ನಾನು ಹಟ ಹಿಡಿದಿದ್ದೇನೆ. ಅದನ್ನು ಹೆಸರಿಗೆ ಒಯ್ದು ಹಾಗೆಯೇ ಮರಳಿಸುವುದಿಲ್ಲ, ಓದಿಯೇ ಮರಳಿಸುತ್ತೇನೆ. ಎಲ್ಲವೂ ರುಚಿಸಿವೆ ಎನ್ನಲಾರೆ, ಕೆಲವು ತೀರ ಬೇಸರ ತರಿಸಿದವು.

ಈ ಸಂಪುಟ ಬೇಸರ ತರಿಸಲಿಲ್ಲ. ಸೋಮವಾರ ರಾತ್ರಿ ಪಂಚವಟಿಯ ಭಾಗ ತೆರೆದು ಒಂದು ಪದ್ಯದ ಮೊದಲ ಸಾಲು ಓದಿದೆನಷ್ಟೆ, ಅಮ್ಮ ಎರಡನೆಯ ಸಾಲನ್ನು ತಾವೇ ಹೇಳಿದರು. ಎಳವೆಯಲ್ಲಿ ಗದ್ದೆಯ ಯಕ್ಷಗಾನದ ಆಟಗಳಲ್ಲಿ ರಾತ್ರಿಯಿಡೀ ಕುಳಿತು ಕೇಳಿದ್ದು ಎಂದರು. ಮುದ್ರಿತ ಪಾಠಕ್ಕೂ ಅವರ ನೆನಪಿಗೂ ಒಂದೆರಡು ಕಡೆ ವ್ಯತ್ಯಾಸ ಬಂದಾಗ, “ಭಾಗವತರು ಹಾಗೆ ಹೇಳುತ್ತಿರಲಿಲ್ಲ ಮಗಾ, ಇನ್ನೊಮ್ಮೆ ಓದು” ಎಂದು ನಿಲ್ಲಿಸಿದರು. ಆ ರಾತ್ರಿ ಇಪ್ಪತ್ತೈದು ಪುಟ ಸಾಗಲಿಲ್ಲ, ನಾಲ್ಕೇ ಪುಟ.

ನಾಳೆ ಶನಿವಾರ. ಸಾರಾ ಮತ್ತು ಬಷೀರರನ್ನು ಮರಳಿಸುತ್ತೇನೆ. ಪ್ರಸಂಗದ ಸಂಪುಟವನ್ನು ಇನ್ನೊಂದು ವಾರಕ್ಕೆ ಬರೆಸಿಕೊಳ್ಳಬೇಕು, ಹಾಗಾಗಿ ಹೊಸತಾಗಿ ಆರಿಸಲು ಈ ಸಲ ಎರಡಕ್ಕೇ ಅವಕಾಶವಿದೆ.