ಬೀದಿದೀಪ ಯಾರ ಬಾಬ್ತು?

ನಗರಸಭೆಯ ಸಾಮಾನ್ಯ ಸಭೆಯಲ್ಲಿ ಮಾತಾಡುವುದು ಸದಸ್ಯರು. ನಾವು ನೀವು ಹೋದರೆ ಹಿಂದೆ ಕೂತು ಕೇಳಿಸಿಕೊಂಡು ಬರಬಹುದು, ಅಷ್ಟೇ. ವಾರ್ಡ್ ಸಮಿತಿ ಇದೆಯಲ್ಲ ಅನ್ನಬಹುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಅದನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕೂ ಜಾಸ್ತಿ ಜನ ಇರುವ ಊರುಗಳಿಗೆ. ನಮ್ಮದು ಅಷ್ಟು ದೊಡ್ಡ ಊರಲ್ಲ. ಹಾಗಾಗಿ ನಮ್ಮಂಥವರ ಕೈಗೆ ಮೈಕ್ ಸಿಗುವುದು ಬಜೆಟ್ ಪೂರ್ವಭಾವಿ ಸಭೆಯಲ್ಲಿ ಮಾತ್ರ. ಪತ್ರಿಕೆಯ ಮೂಲೆಯಲ್ಲಿ ಚಿಕ್ಕದಾಗಿ ಪ್ರಕಟಣೆ ಬರುತ್ತದೆ: ಸಾರ್ವಜನಿಕರು ಭಾಗವಹಿಸಿ ಸಲಹೆ ಸೂಚನೆ ನೀಡಬೇಕಾಗಿ ಕೋರಿದೆ. ಈ ಸಲ ನಮ್ಮ ಬಡಾವಣೆಯವರು ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದೆವು.

ನಮ್ಮ ಗೋಳು ಕತ್ತಲೆಯದು. ಬಡಾವಣೆಯಲ್ಲಿ ಕಂಬಗಳಿವೆ. ನಿವೇಶನಗಳು ಮಾರಾಟ ಆಗುವವರೆಗೆ ಅವುಗಳ ಮೇಲೆ ದೀಪವೂ ಉರಿಯುತ್ತಿತ್ತು. ಕೊನೆಯ ಸೈಟು ಮಾರಿದ ಮೇಲೆ ಬಡಾವಣೆ ಮಾಡಿದವರು ಕರೆಂಟ್ ಬಿಲ್ ಕಟ್ಟುವುದನ್ನು ನಿಲ್ಲಿಸಿದರು. ಬಾಕಿ ಬೆಳೆಯಿತು, ಫ್ಯೂಸ್ ಕಿತ್ತರು. ಈಗ ಸಂಜೆ ಟ್ಯೂಷನ್ ಮುಗಿಸಿ ಬರುವ ಮಕ್ಕಳ ಕೈಯಲ್ಲಿ ಟಾರ್ಚ್, ಗಾರ್ಮೆಂಟ್ಸ್ ಬಸ್ ಇಳಿದು ಬರುವ ಹೆಣ್ಣುಮಕ್ಕಳ ಕೈಯಲ್ಲಿ ನಾಯಿಗೆ ಹೆದರಿ ಒಂದು ಕೋಲು.

ಸಭೆ ಶುರುವಾಗುವ ಹೊತ್ತಿಗೆ ಕೊಟ್ಟ ಸಮಯ ಮೀರಿ ಒಂದು ತಾಸಾಗಿತ್ತು. ವೇದಿಕೆಯ ಮೇಲೆ ಅಧ್ಯಕ್ಷರು, ಪೌರಾಯುಕ್ತರು, ಎಂಜಿನಿಯರು, ಲೆಕ್ಕದವರು. ಅವರ ಮುಂದೆ ಗೋಡಂಬಿ ತಟ್ಟೆ, ನಮ್ಮ ಕಡೆಗೆ ಎರಡೆರಡು ಬಿಸ್ಕತ್ತು. ಅದಕ್ಕೆ ಬೇಜಾರಿಲ್ಲ. ಆದರೆ ಸದಸ್ಯರಲ್ಲಿ ಅರ್ಧಕ್ಕರ್ಧ ಬಂದಿರಲಿಲ್ಲ. ನಮ್ಮ ವಾರ್ಡಿನವರು ಬಂದರು, ಎಲ್ಲರಿಗೂ ಕೈಮುಗಿದರು, ಮದುವೆ ಇದೆ ಅಂತ ಹೊರಟರು.

ಮೊದಲು ಲೆಕ್ಕದ ಮೇಡಂ ಪರದೆಯ ಮೇಲೆ ಜಮಾ ಖರ್ಚು ತೋರಿಸಿದರು. ಜನ ಮೊಬೈಲ್ ನೋಡುತ್ತಾ ಕೂತರು. ನನಗೆ ಮಾತ್ರ ಸಭೆಯಲ್ಲಿ ಅತಿ ಉಪಯೋಗದ ಭಾಗ ಅದೇ ಅನ್ನಿಸಿತು. ಬರುವುದು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ. ಅದರಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಇದು ನ್ಯಾಯವಾದದ್ದೇ. ಕೇಂದ್ರದಿಂದ ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60 ಕುಡಿಯುವ ನೀರು, ನೈರ್ಮಲ್ಯ, ಕಸಕ್ಕೇ ಕಟ್ಟು ಹಾಕಿದ್ದು. ಸಂಬಳ, ನೀರೆತ್ತುವ ಪಂಪಿನ ಕರೆಂಟ್ ಬಿಲ್ಲು ಬೇರೆ. ಇಷ್ಟೆಲ್ಲ ಕಳೆದ ಮೇಲೆ ಅಧ್ಯಕ್ಷರು ತಮ್ಮ ಮನಸ್ಸಿಗೆ ಬಂದಂತೆ ಖರ್ಚು ಮಾಡಬಹುದಾದ ದುಡ್ಡು ಎಷ್ಟು ಕಡಿಮೆ! "ಅವರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ" ಅಂತ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವ ಮಾತು ಪೂರ್ತಿ ನಿಜವಲ್ಲ.

ಆಮೇಲೆ ಮೈಕ್ ಸಾರ್ವಜನಿಕರ ಕಡೆ ಬಂತು. ಒಬ್ಬ ಹಿರಿಯರು ಬೀದಿನಾಯಿ ವಿಷಯ ಎತ್ತಿದರು. ಊರಾಚೆ ಬಿಟ್ಟು ಬನ್ನಿ ಅಂದರು. ಆರೋಗ್ಯ ನಿರೀಕ್ಷಕರು, 2023ರ ನಿಯಮದ ಪ್ರಕಾರ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು ಅಂದರು. "ಹಾಗಾದ್ರೆ ನಾನೇ ಊರಾಚೆ ಹೋಗ್ತೀನಿ" ಅಂತ ಹಿರಿಯರು ಕೂತರು. ಎಲ್ಲರೂ ನಕ್ಕರು.

ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಮಾರುವ ಅಕ್ಕ ಎದ್ದಾಗ ಯಾರೂ ನಗಲಿಲ್ಲ. "ನಮ್ಮನ್ನ ಎಬ್ಬಿಸಬೇಡಿ ಅಂತ ಕೇಳ್ತಿಲ್ಲ. ಎಲ್ಲಿ ಕೂರಬೇಕು ಅಂತ ಒಂದು ಜಾಗ ತೋರಿಸಿ." ವೇದಿಕೆಯಿಂದ ಬಂದ ಉತ್ತರ, ಅರ್ಜಿ ಕೊಡಮ್ಮ ಅಂತ. ಅವರು ಚೀಲದಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ಸೀಲು ಬಿದ್ದ ಪ್ರತಿ ತೆಗೆದರು. "ಕೊಟ್ಟಿದ್ದೀನಿ ಸಾರ್. ಇದು ನಿಮ್ಮದೇ ಸೀಲಲ್ವಾ?" 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಇಂಥ ಜಾಗದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಜನ ವ್ಯಾಪಾರಿಗಳೇ ಇರಬೇಕು. ಆ ಸಮಿತಿ ಸಭೆ ಕರೆದು ಎಷ್ಟು ಕಾಲವಾಯಿತು ಅಂತ ಅಕ್ಕ ಕೇಳಿದ್ದಕ್ಕೆ ಪೌರಾಯುಕ್ತರು ಪಕ್ಕದವರ ಮುಖ ನೋಡಿದರು. ಅವತ್ತು ಅಲ್ಲಿ ಮಾತಾಡಿದವರಲ್ಲಿ ತಯಾರಾಗಿ ಬಂದಿದ್ದವರು ಅಂದರೆ ಆ ಅಕ್ಕನೇ.

ನಮ್ಮ ಸರದಿ ಬಂತು. ನಮ್ಮ ಸಂಘದ ಅಧ್ಯಕ್ಷರು ಭಾಷಣ ಚೆನ್ನಾಗಿ ಮಾಡುತ್ತಾರೆ, ಅದೇ ತೊಂದರೆ. ಸ್ವಾತಂತ್ರ್ಯ ಬಂದಲ್ಲಿಂದ ಶುರು ಮಾಡಿದರು. ದೀಪಕ್ಕೆ ಬರುವಷ್ಟರಲ್ಲಿ ವೇದಿಕೆಯ ಮೇಲೆ ಇಬ್ಬರು ಫೋನ್ ಹಿಡಿದು ಎದ್ದು ಹೋಗಿದ್ದರು. ಎಂಜಿನಿಯರ ಉತ್ತರ ಒಂದೇ ಸಾಲು: "ನಿಮ್ಮ ಬಡಾವಣೆ ನಗರಸಭೆಗೆ ಇನ್ನೂ ಹಸ್ತಾಂತರ ಆಗಿಲ್ಲ."

ನಮ್ಮವರೊಬ್ಬರು ರೇಗಿದರು. "ತೆರಿಗೆ ತಗೊಳ್ಳೋಕೆ ಹಸ್ತಾಂತರ ಬೇಡ, ದೀಪ ಹಾಕೋಕೆ ಬೇಕಾ? ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಇದೆ, ಬೇಗ ಕಟ್ಟಿ ಅಂತ ಆಟೋದಲ್ಲಿ ಕೂಗ್ಕೊಂಡು ನಮ್ಮ ಬೀದಿಗೂ ಬರ್ತೀರಲ್ಲ!" ಜೋರು ಚಪ್ಪಾಳೆ. ನಾನೂ ತಟ್ಟಿದೆ.

ಪೌರಾಯುಕ್ತರು ಸಿಟ್ಟಾಗಲಿಲ್ಲ. ಖಾಸಗಿಯವರು ಮಾಡಿದ ಬಡಾವಣೆಗೆ ನಕ್ಷೆ ಮಂಜೂರು ಮಾಡುವುದು ಯೋಜನಾ ಪ್ರಾಧಿಕಾರ. ರಸ್ತೆ, ಚರಂಡಿ, ಪಾರ್ಕು ಎಲ್ಲ ಮುಗಿಸಿ ಬಿಟ್ಟುಕೊಟ್ಟರೆ ಮಾತ್ರ ಅವು ನಗರಸಭೆಯ ಆಸ್ತಿ. ಅದಕ್ಕೂ ಮೊದಲು ದುಡ್ಡು ಹಾಕಿದರೆ ಆಡಿಟ್‌ನವರು ಆಕ್ಷೇಪಣೆ ಬರೆಯುತ್ತಾರೆ, ಬಡಾವಣೆ ಮಾಡಿದವರ ಖರ್ಚನ್ನು ಇಡೀ ಊರು ಹೊತ್ತಂತೆ ಆಗುತ್ತದೆ. ನಿಜ ಹೇಳಬೇಕು ಅಂದರೆ ಈ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಸೈಟು ಲಾಭಕ್ಕೆ ಮಾರಿದವರು ಒಬ್ಬರು, ದೀಪದ ದುಡ್ಡು ಸ್ಲಮ್ಮಿನ ಚರಂಡಿಯ ಪಾಲಿನಿಂದ ಬರಬೇಕು ಅಂದರೆ ಅದೂ ಸರಿಯಲ್ಲ.

ಆಗ ಎದ್ದವರು ನಮ್ಮ ಬೀದಿಯ ರಾಯರು. ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೈಕ್ ಬೇಡ ಅಂದರು.

"ಸಾರ್, ನಾವು ಇವತ್ತೇ ದೀಪ ಹಾಕಿ ಅನ್ನಲ್ಲ. ಎರಡು ವಿಷಯ. ಒಂದು, ಪ್ರಾಧಿಕಾರದವರು, ನಿಮ್ಮವರು, ವಿದ್ಯುತ್ ಕಂಪನಿಯವರು ಒಟ್ಟಿಗೆ ಬಂದು ಜಂಟಿ ತಪಾಸಣೆ ಮಾಡಲಿ. ಬಾಕಿ ಏನೇನಿದೆ ಅಂತ ಬರೆದು ಬಡಾವಣೆ ಮಾಡಿದವರಿಗೆ ನೋಟಿಸ್ ಕೊಡಿ. ಎರಡು, ಈ ಬಜೆಟ್‌ನಲ್ಲಿ ಹಸ್ತಾಂತರ ಆದಮೇಲೆ ಖರ್ಚು ಮಾಡೋಕೆ ಅಂತ ಒಂದು ಮೊತ್ತ ಇಡಿ. ಇಲ್ಲದಿದ್ರೆ ನಾಳೆ ಹಸ್ತಾಂತರ ಆದ್ರೂ ನೀವು ಅನುದಾನ ಇಲ್ಲ, ಮುಂದಿನ ವರ್ಷ ನೋಡೋಣ ಅಂತೀರಿ. ಯಾವ ಲೆಕ್ಕಶೀರ್ಷಿಕೆ ಕೆಳಗೆ ಬರುತ್ತೆ ಅಂತ ಮೇಡಂ ಹೇಳಿದ್ರೆ ಬರ್ಕೊತೀನಿ."

ಲೆಕ್ಕದ ಮೇಡಂ ಅವತ್ತು ಮೊದಲ ಸಲ ತಲೆ ಎತ್ತಿದರು. ಹೇಳಿದರು. ರಾಯರು ಬರೆದುಕೊಂಡರು. "ನಡಾವಳಿಯಲ್ಲಿ ನಮೂದಾಗಲಿ" ಅಂತ ಇನ್ನೊಂದು ಮಾತು ಸೇರಿಸಿ ಕೂತರು. ಈ ಸಲ ಚಪ್ಪಾಳೆ ಇಲ್ಲ, ಆದರೆ ವೇದಿಕೆಯ ಮೇಲೆ ಪೆನ್ನು ಆಡಿತು.

ತಪಾಸಣೆ ನಡೆಯಿತು. ಪಾರ್ಕಿಗೆ ಬೇಲಿ ಇಲ್ಲ, ಮ್ಯಾನ್‌ಹೋಲ್ ಮುಚ್ಚಳಗಳಿಲ್ಲ, ಕರೆಂಟ್ ಬಾಕಿ ಇದೆ ಅಂತ ಬರೆದುಕೊಂಡು ಹೋದರು. ಮಾರ್ಚ್‌ನಲ್ಲಿ ಬಜೆಟ್ ಪುಸ್ತಕ ಬಂದಾಗ ರಾಯರು ಪ್ರತಿ ತಂದು ಜಗಲಿಯ ಮೇಲೆ ಹರಡಿದರು. ಹೊಸದಾಗಿ ಹಸ್ತಾಂತರವಾಗುವ ಬಡಾವಣೆಗಳಿಗೆ ಬೀದಿದೀಪ ಅಂತ ಒಂದು ಸಾಲು ಇತ್ತು, ಎದುರಿಗೆ ಮೊತ್ತವೂ ಇತ್ತು. ನಮ್ಮ ಹೆಸರು ಇರಲಿಲ್ಲ. ನಮ್ಮ ಸಂಘದ ಅಧ್ಯಕ್ಷರಿಗೆ ಅವಮಾನ ಆದಂತಾಯಿತು. "ಕೂಗಿದ್ದು ನಾವು, ಇದರಲ್ಲಿ ಎಲ್ಲರಿಗೂ ಪಾಲಾ?" ಅಂದರು.

"ಎಲ್ಲರಿಗೂ ಪಾಲೇ ಸ್ವಾಮಿ, ಮೊದಲು ಕಾಗದ ಮುಗಿಸಿದವರಿಗೆ ಮೊದಲ ಪಾಲು" ಅಂದರು ರಾಯರು.

ಬೇಲಿ ಬಂದಿದೆ, ಮುಚ್ಚಳ ಬಂದಿವೆ. ಬಾಕಿಯಲ್ಲಿ ಅರ್ಧ ಕಟ್ಟಿದ್ದಾರಂತೆ. ಇನ್ನು ರಸ್ತೆ, ಪಾರ್ಕು ಬಿಟ್ಟುಕೊಡುವ ಪತ್ರ ನೋಂದಣಿ ಆಗಬೇಕು. ಅದಕ್ಕೆ ಬಡಾವಣೆ ಮಾಡಿದವರೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಬೇಕು. ಹೋದ ವಾರ ಬರುತ್ತೇನೆ ಅಂದಿದ್ದರು. ಅವತ್ತು ಅಮಾವಾಸ್ಯೆ, ಒಳ್ಳೆಯ ದಿನ ಅಲ್ಲ ಅಂತ ಮುಂದಕ್ಕೆ ಹಾಕಿದ್ದಾರೆ.